ನೆಲ ಮುಟ್ಟುವ ಮೊದಲು

ವೇಗ ಇಳಿಸುವ ಕೆಲಸ ಎಷ್ಟು ನಾಜೂಕಿನದು ಎಂಬುದನ್ನು ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಹಳಬರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪಕ್ಕದ ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರ್ ಮೀರಿತ್ತು. ಕೆಲಸಗಾರರನ್ನು ಹೊತ್ತು ಶಾಫ್ಟಿನೊಳಗೆ ಇಳಿಯುವ ಕೇಜು, ಅದನ್ನು ನಡೆಸುವ ವೈಂಡಿಂಗ್ ಇಂಜಿನ್ ಡ್ರೈವರನ ಕಣ್ಣಿಗೆ ಬೀಳುತ್ತಿರಲಿಲ್ಲ. ಎದುರಿಗಿದ್ದ ಆಳದ ಮುಳ್ಳು ನೋಡುತ್ತ, ಗಂಟೆಯ ಸದ್ದಿಗೆ ಕಿವಿಗೊಟ್ಟು, ನಿಲ್ಲಬೇಕಾದ ಜಾಗ ಬರುವ ಎಷ್ಟೋ ಮೊದಲೇ ಅವನು ಬ್ರೇಕಿಗೆ ಕೈ ಹಾಕಬೇಕಿತ್ತು. ತಡವಾದರೆ ಆಮೇಲೆ ಏನು ಮಾಡಿದರೂ ಪ್ರಯೋಜನವಿಲ್ಲ. 2001ರಲ್ಲಿ ಗಣಿ ಮುಚ್ಚಿತು, ಆ ಡ್ರೈವರುಗಳ ವಿದ್ಯೆಯೂ ಅಲ್ಲಿಗೇ ನಿಂತಿತು. ಆದರೆ ಅದೇ ವಿದ್ಯೆ ಬೇರೊಂದು ರೂಪದಲ್ಲಿ ಇಲ್ಲಿಂದ ನೂರು ಕಿಲೋಮೀಟರ್ ದೂರದ ಬೆಂಗಳೂರಿನ ವಿಮಾನ ತಂತ್ರಜ್ಞರ ನಡುವೆ ಇನ್ನೂ ಬದುಕಿದೆ. ಸ್ವಂತ ಕೈಯಿಂದ ಕಟ್ಟಿದ ಪುಟ್ಟ ವಿಮಾನವನ್ನು ನಿಧಾನ ಮಾಡಿ ನೆಲಕ್ಕೆ ತರುವ ಈ ಕಲೆಯನ್ನು ಪರಿಚಯಿಸುವುದು ಇಲ್ಲಿನ ಉದ್ದೇಶ.

ಅಮೆರಿಕದ ಬರ್ಟ್ ರುಟಾನ್ ಎಂಬ ವಿನ್ಯಾಸಕಾರ 1970ರ ದಶಕದಲ್ಲಿ ಒಂದು ದಾರಿ ತೋರಿಸಿಕೊಟ್ಟ. ಕಾರ್ಖಾನೆ ಬೇಡ, ದುಬಾರಿ ಅಚ್ಚುಗಳೂ ಬೇಡ. ಫೋಮ್ ದಿಮ್ಮಿಯನ್ನು ಕಾದ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕತ್ತರಿಸಿ, ಅದರ ಮೇಲೆ ಗಾಜಿನ ನಾರಿನ ಬಟ್ಟೆ ಹೊದಿಸಿ, ಎಪಾಕ್ಸಿ ಸವರಿ ಒಣಗಿಸಿದರೆ ರೆಕ್ಕೆ ಸಿದ್ಧ. ಮನೆಯ ಗ್ಯಾರೇಜಿನಲ್ಲೇ ಕೂತು ವಿಮಾನ ಕಟ್ಟುವಂತೆ ಅವನು ನಕ್ಷೆಗಳನ್ನು ಮಾರಿದ. ಆ ಸಾಲಿನಲ್ಲಿ ಹೆಸರಾದದ್ದು 1979ರಲ್ಲಿ ಮೊದಲು ಹಾರಿದ ಲಾಂಗ್-ಈಜಿ. ಇಬ್ಬರು ಕೂರುವ ವಿಮಾನ. ಇಂಜಿನ್ ಮತ್ತು ಪ್ರೊಪೆಲರ್ ಹಿಂದಿವೆ. ಬಾಲದಲ್ಲಿ ಇರಬೇಕಾದ ಚಿಕ್ಕ ರೆಕ್ಕೆ ಮೂತಿಯ ಬಳಿ ಇದೆ. ಈ ಮುಂದಿನ ರೆಕ್ಕೆಗೆ ಕ್ಯಾನಾರ್ಡ್ ಎನ್ನುತ್ತಾರೆ.

ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಈ ಲಾಂಗ್-ಈಜಿಯನ್ನೇ ಆಧರಿಸಿ ಒಂದು ಪ್ರಯೋಗ ವಿಮಾನ ಕಟ್ಟಿತು. ಅದಕ್ಕೆ ಇಟ್ಟ ಹೆಸರು ಲೈಟ್ ಕ್ಯಾನಾರ್ಡ್ ರಿಸರ್ಚ್ ಏರ್‌ಕ್ರಾಫ್ಟ್, ಚಿಕ್ಕದಾಗಿ ಎಲ್‌ಸಿಆರ್‌ಎ. ಮೊದಲು ಹಾರಿದ್ದು 1987ರ ಫೆಬ್ರವರಿಯಲ್ಲಿ. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಬೆಂಗಳೂರಿನವರೇ ಆದ ರೊದ್ದಂ ನರಸಿಂಹ. ಆ ಹಾರಾಟಕ್ಕೆ ಎರಡು ತಿಂಗಳು ಮುಂಚೆ, 1986ರ ಡಿಸೆಂಬರಿನಲ್ಲಿ, ರುಟಾನನದೇ ವಿನ್ಯಾಸದ ವಾಯೇಜರ್ ಎಲ್ಲೂ ಇಳಿಯದೆ, ದಾರಿಯಲ್ಲಿ ಇಂಧನ ತುಂಬಿಕೊಳ್ಳದೆ ಒಂಬತ್ತು ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದಿತ್ತು. ಜಗತ್ತು ಬೆರಗಿನಿಂದ ನೋಡುತ್ತಿದ್ದ ತಂತ್ರಕ್ಕೆ ನಮ್ಮವರು ಅದೇ ಹೊತ್ತಿಗೆ ಕೈ ಹಾಕಿದ್ದರು. ಇದು ಇಂದಿಗೂ ಅಭಿಮಾನಪಡಬೇಕಾದ ಸಂಗತಿ. ಆದರೂ ಕನ್ನಡದಲ್ಲಿ ಇದರ ಬಗ್ಗೆ ಮಾತು ಕೇಳಿಬರುವುದು ತೀರ ಕಡಿಮೆ.

ಇನ್ನು ಇಳಿಯುವ ವಿಷಯ. ಲಾಂಗ್-ಈಜಿಯ ಮೈ ಎಷ್ಟು ನುಣುಪು ಎಂದರೆ, 115 ಅಶ್ವಶಕ್ತಿಯ ಚಿಕ್ಕ ಇಂಜಿನ್ ಅದನ್ನು ಗಂಟೆಗೆ ಸುಮಾರು 290 ಕಿಲೋಮೀಟರ್ ವೇಗದಲ್ಲಿ ಒಯ್ಯುತ್ತದೆ. ಗಾಳಿಗೆ ಅದನ್ನು ಹಿಡಿದೆಳೆಯಲು ಮೈಮೇಲೆ ಉಬ್ಬುತಗ್ಗುಗಳೇ ಇಲ್ಲ. ಹಾರುವಾಗ ಇದು ವರ, ಇಳಿಯುವಾಗ ಇದೇ ತೊಡಕು. ಥ್ರಾಟಲನ್ನು ಪೂರ್ತಿ ಹಿಂದಕ್ಕೆ ಎಳೆದರೂ ವಿಮಾನ ಜಾರುತ್ತಲೇ ಹೋಗುತ್ತದೆ. ಮೂತಿ ತಗ್ಗಿಸಿ ಬೇಗ ಕೆಳಗಿಳಿಯೋಣ ಎಂದರೆ ವೇಗ ಏರುತ್ತದೆ. ಮೂತಿ ಎತ್ತಿ ವೇಗ ಕಳೆಯೋಣ ಎಂದರೆ ಎತ್ತರ ಕಳೆಯುವುದಿಲ್ಲ. ಎರಡನ್ನೂ ಒಟ್ಟಿಗೆ ಕಳೆಯಬೇಕಾದರೆ ಗಾಳಿಯ ಎಳೆತವನ್ನು ಹೊರಗಿನಿಂದ ಸೇರಿಸಲೇಬೇಕು.

ಸಾಮಾನ್ಯ ವಿಮಾನಗಳಲ್ಲಿ ಈ ಕೆಲಸವನ್ನು ಫ್ಲಾಪ್ ಮಾಡುತ್ತದೆ. ರೆಕ್ಕೆಯ ಹಿಂದಂಚು ಕೆಳಕ್ಕೆ ಬಾಗಿ, ಎತ್ತುವ ಬಲವನ್ನೂ ಎಳೆತವನ್ನೂ ಒಟ್ಟಿಗೆ ಹೆಚ್ಚಿಸುತ್ತದೆ. ಲಾಂಗ್-ಈಜಿಗೆ ಆ ಭಾಗ್ಯವಿಲ್ಲ, ಅದಕ್ಕೆ ಕಾರಣ ಕ್ಯಾನಾರ್ಡ್. ಹಿಂದಿನ ದೊಡ್ಡ ರೆಕ್ಕೆಗೆ ಫ್ಲಾಪ್ ಹಾಕಿದರೆ ಮೂತಿ ಕೆಳಕ್ಕೆ ಒತ್ತಿಕೊಳ್ಳುತ್ತದೆ, ಅದನ್ನು ಎತ್ತಿ ಹಿಡಿಯುವಷ್ಟು ಶಕ್ತಿ ಮುಂದಿನ ಪುಟ್ಟ ರೆಕ್ಕೆಗೆ ಉಳಿದಿರುವುದಿಲ್ಲ. ಇದೇ ಕ್ಯಾನಾರ್ಡ್ ಇನ್ನೊಂದು ಕಡೆ ಪ್ರಾಣ ಕಾಯುತ್ತದೆ ಎಂಬುದನ್ನೂ ಹೇಳಬೇಕು. ವೇಗ ತೀರ ಕುಗ್ಗಿದಾಗ ಮುಂದಿನ ರೆಕ್ಕೆ ಮೊದಲು ಎತ್ತುವ ಬಲ ಕಳೆದುಕೊಂಡು ಸೋಲುತ್ತದೆ, ಮೂತಿ ತಾನಾಗಿ ಸ್ವಲ್ಪ ಬಾಗುತ್ತದೆ, ದೊಡ್ಡ ರೆಕ್ಕೆ ಸೋಲುವ ಹಂತಕ್ಕೆ ಹೋಗುವುದೇ ಇಲ್ಲ. ಹೊಸಬರನ್ನು ಬಲಿ ತೆಗೆದುಕೊಳ್ಳುವ ಸ್ಟಾಲ್ ಎಂಬ ಅಪಾಯವನ್ನು ಹೀಗೆ ದೂರವಿಟ್ಟದ್ದಕ್ಕೆ ತೆರಬೇಕಾದ ಬೆಲೆಯೇ ವೇಗವಾದ ಲ್ಯಾಂಡಿಂಗ್.

ರುಟಾನ್ ಕಂಡುಕೊಂಡ ಪರಿಹಾರ ತುಂಬ ಸರಳ. ವಿಮಾನದ ಹೊಟ್ಟೆಯ ಕೆಳಗೆ ಕೀಲಿಗೆ ಕಟ್ಟಿದ ಒಂದು ಹಲಗೆ. ಹಾರುವಾಗ ಅದು ಹೊಟ್ಟೆಗೆ ಅಂಟಿಕೊಂಡಿರುತ್ತದೆ. ಇಳಿಯುವ ಹೊತ್ತಿಗೆ ಪೈಲಟ್ ಸನ್ನೆ ಎಳೆದರೆ ಕೆಳಕ್ಕೆ ತೆರೆದುಕೊಂಡು ಗಾಳಿಗೆ ಅಡ್ಡ ನಿಲ್ಲುತ್ತದೆ. ಇದಕ್ಕೆ ಲ್ಯಾಂಡಿಂಗ್ ಬ್ರೇಕ್ ಎಂದೇ ಹೆಸರು. ನೆಲದ ಮೇಲೆ ಓಡುವಾಗಲೂ ಅದರಿಂದ ಉಪಯೋಗವಿದೆ: ಮುಂದಿನ ಗಾಲಿ ಎಬ್ಬಿಸುವ ಕಲ್ಲುಚೂರು ಹಿಂದಿನ ಪ್ರೊಪೆಲರಿಗೆ ಬಡಿಯದಂತೆ ತಡೆಯುತ್ತದೆ. ರಡ್ಡರುಗಳದ್ದು ಇನ್ನೊಂದು ಜಾಣತನ. ಅವು ಎರಡೂ ರೆಕ್ಕೆಗಳ ತುದಿಯಲ್ಲಿ ಮೇಲೆದ್ದ ಕಿರುರೆಕ್ಕೆಗಳಲ್ಲಿವೆ, ಹೊರಕ್ಕೆ ಮಾತ್ರ ತಿರುಗುತ್ತವೆ. ಒಂದು ಪೆಡಲ್ ಒತ್ತಿದರೆ ವಿಮಾನ ಆ ಕಡೆ ತಿರುಗುತ್ತದೆ. ಎರಡನ್ನೂ ಒತ್ತಿದರೆ ಎರಡೂ ಹೊರಕ್ಕೆ ಚಾಚಿ ಎಳೆತ ಹುಟ್ಟಿಸುತ್ತವೆ. ಪೆಡಲನ್ನು ಇನ್ನೂ ಒಳಕ್ಕೆ ತುಳಿದರೆ ಗಾಲಿಯ ಬ್ರೇಕ್ ಹಿಡಿಯುತ್ತದೆ. ಒಂದೇ ಪೆಡಲಿಗೆ ಮೂರು ಕೆಲಸ ಕೊಟ್ಟ ಈ ಮಿತವ್ಯಯ ನನಗೆ ರುಟಾನನ ಎಲ್ಲ ದಾಖಲೆಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಇಷ್ಟೆಲ್ಲ ಇದ್ದರೂ ಕೊನೆಯ ಕೆಲಸ ಪೈಲಟ್‌ನದೇ. ರನ್‌ವೇ ಕಡೆ ಬರುವಾಗಿನ ವೇಗ ಸ್ಟಾಲ್ ವೇಗದ, ಅಂದರೆ ರೆಕ್ಕೆ ಸೋಲುವ ವೇಗದ, 1.3 ಪಟ್ಟು ಇರಬೇಕು ಎಂಬುದು ಎಲ್ಲೆಡೆ ಕಲಿಸುವ ನಿಯಮ. ಭಯಕ್ಕೆ ಸ್ವಲ್ಪ ಹೆಚ್ಚು ವೇಗ ಇಟ್ಟುಕೊಂಡರೆ ಏನಾಗುತ್ತದೆ? ವೇಗ ಶೇ 20 ಹೆಚ್ಚಾದರೆ, ಕಳೆಯಬೇಕಾದ ಚಲನಶಕ್ತಿ ಶೇ 44 ಹೆಚ್ಚುತ್ತದೆ, ಏಕೆಂದರೆ ಲೆಕ್ಕ ವೇಗದ ವರ್ಗದ್ದು. ಅದರ ಮೇಲೆ ನೆಲದ ಪ್ರಭಾವ. ರೆಕ್ಕೆಯ ಅಗಲಕ್ಕಿಂತ ಕಡಿಮೆ ಎತ್ತರಕ್ಕೆ ಬಂದಾಗ ಗಾಳಿಯ ಎಳೆತ ಇನ್ನೂ ಕುಗ್ಗಿ, ವಿಮಾನ ನೆಲ ಮುಟ್ಟಲೊಲ್ಲದೆ ತೇಲುತ್ತದೆ. ಅಷ್ಟರಲ್ಲಿ ಕಾಲಡಿಯ ರನ್‌ವೇ ಖರ್ಚಾಗುತ್ತಿರುತ್ತದೆ. ನಮ್ಮ ಪ್ರಸ್ಥಭೂಮಿ ಮತ್ತೊಂದನ್ನು ಸೇರಿಸುತ್ತದೆ. ಬೆಂಗಳೂರು, ಕೋಲಾರ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಗಾಳಿ ತೆಳು, ಬೇಸಿಗೆಯ ಮಧ್ಯಾಹ್ನ ಇನ್ನೂ ತೆಳು. ವೇಗದ ಮುಳ್ಳು ಚೆನ್ನೈಯಲ್ಲಿ ತೋರಿಸಿದಷ್ಟೇ ತೋರಿಸಿದರೂ ನೆಲದ ಮೇಲೆ ವಿಮಾನ ನಿಜಕ್ಕೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ.

ಲಾಂಗ್-ಈಜಿಗೆ ಪೂರ್ತಿ ಎದುರಾದ ಜಾತಿಯೂ ಬೆಂಗಳೂರಿನಲ್ಲೇ ತಯಾರಾಗಿದೆ: ರಾಜ್ ಹಂಸ ಸಂಸ್ಥೆಯ ಎಕ್ಸ್-ಏರ್‌ನಂಥ ಮೈಕ್ರೋಲೈಟ್‌ಗಳು. ಕೊಳವೆ, ತಂತಿ, ಬಟ್ಟೆಯ ಮೈ. ಥ್ರಾಟಲ್ ಇಳಿಸಿದ ಕೂಡಲೇ ಗಾಳಿಯೇ ಹಿಡಿದು ನಿಲ್ಲಿಸುತ್ತದೆ. ಅಲ್ಲಿ ಪೈಲಟ್ ಮೂತಿ ತಗ್ಗಿಸಿ ವೇಗ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ನೆಲಕ್ಕೆ ಮುಂಚೆಯೇ ವಿಮಾನ ಕುಸಿಯುತ್ತದೆ. ಒಂದರಲ್ಲಿ ಪಳಗಿದ ಕೈ ಇನ್ನೊಂದಕ್ಕೆ ಹೋದಾಗ ಹೊಸದಾಗಿ ಕಲಿಯಲೇಬೇಕು.

ಎಲ್‌ಸಿಆರ್‌ಎ ಪ್ರಯೋಗವಾಗಿಯೇ ಉಳಿಯಿತು, ಮಾರುಕಟ್ಟೆಗೆ ಬರಲಿಲ್ಲ. ಆದರೆ ಗಾಜಿನ ನಾರಿನಿಂದ ವಿಮಾನ ಕಟ್ಟುವ ಅನುಭವ ಎನ್‌ಎಎಲ್‌ನಲ್ಲಿ ಮುಂದುವರಿಯಿತು. ಅದೇ ಸಂಸ್ಥೆಯ ಎರಡು ಆಸನದ ಹಂಸ 1993ರ ನವೆಂಬರಿನಲ್ಲಿ ಹಾರಿತು, 2000ದಲ್ಲಿ ಪ್ರಮಾಣಪತ್ರ ಪಡೆದು ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋಯಿತು. ಹಂಸದಲ್ಲಿ ಕ್ಯಾನಾರ್ಡ್ ಇಲ್ಲ, ಬಾಲ ಬಾಲದ ಜಾಗದಲ್ಲೇ ಇದೆ, ರೆಕ್ಕೆಗೆ ಫ್ಲಾಪ್ ಇದೆ. ಕಲಿಯುವ ಹುಡುಗರಿಗೆ ವೇಗಕ್ಕಿಂತ ನಿಧಾನ ಮುಖ್ಯ ಎಂದು ನೋಡಿದರೆ ಇದು ಸರಿಯಾದ ಆಯ್ಕೆ ಎಂದೇ ನನ್ನ ತೀರ್ಮಾನ. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೊದಲ ಸಲ ಮೇಲೇರಿದ, ಹಂಸದ ಹೊಸ ರೂಪವಾದ ಹಂಸ-ಎನ್‌ಜಿಯ ಫ್ಲಾಪ್‌ಗಳು ವಿದ್ಯುತ್ತಿನಿಂದ ನಡೆಯುತ್ತವೆ. ಅದರ ಸ್ಟಾಲ್ ವೇಗ 43 ನಾಟ್, ಅಂದರೆ ಗಂಟೆಗೆ ಸುಮಾರು 80 ಕಿಲೋಮೀಟರ್. 1.3ರ ಲೆಕ್ಕ ಹಾಕಿದರೆ ರನ್‌ವೇ ಹತ್ತಿರ ಗಂಟೆಗೆ ನೂರೈದು ಕಿಲೋಮೀಟರಿನ ಆಸುಪಾಸು.

ನಮ್ಮ ಊರಿಗಾಂನ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಕೆಜಿಎಫ್, ಬಂಗಾರಪೇಟೆಯ ಶಾಲೆಗಳಲ್ಲಿ ಮಾದರಿ ವಿಮಾನ ಕಟ್ಟುವ ಆಸೆಯ ಮಕ್ಕಳು ಇದ್ದಾರೆ. ಅವರಿಗೆ ಮತ್ತು ಅವರ ಮೇಷ್ಟ್ರುಗಳಿಗೆ ಒಂದು ಕೋರಿಕೆ: ಎಷ್ಟು ವೇಗವಾಗಿ ಹಾರಬೇಕು ಎಂದು ಲೆಕ್ಕ ಹಾಕುವ ಮೊದಲು ಎಷ್ಟು ನಿಧಾನವಾಗಿ ಇಳಿಯಬೇಕು ಎಂದು ಲೆಕ್ಕ ಹಾಕಿ, ಆ ಅಂಕಿಯಿಂದಲೇ ರೆಕ್ಕೆಯ ನಕ್ಷೆ ಶುರುಮಾಡಿ.