ಒಂದೇ ಬರಹ, ಹಲವು ಪುಟ: ಜಾಲತಾಣ ನಿರ್ವಹಣೆಗೆ ಹೋಮ್‌ಬ್ರೂಯಿಂಗ್ ವ್ಯಾಪಾರ ಕಲಿಸುವ ಪಾಠ

ವಾಣಿಜ್ಯ ಸಂಸ್ಥೆಯೊಂದು ಜಾಲತಾಣವನ್ನು ರೂಪಿಸಲು ಮಾಡುವ ವೆಚ್ಚ ಎಲ್ಲರ ಕಣ್ಣಿಗೂ ಕಾಣುತ್ತದೆ. ಅದನ್ನು ವರ್ಷಾನುವರ್ಷ ಸುಸ್ಥಿತಿಯಲ್ಲಿಡಲು ತಗಲುವ ಶ್ರಮ ಮಾತ್ರ ಲೆಕ್ಕಕ್ಕೆ ಸಿಗುವುದಿಲ್ಲ. ಹತ್ತು ಪುಟಗಳಿಂದ ಆರಂಭವಾದ ತಾಣ ನೋಡನೋಡುತ್ತಲೇ ಇನ್ನೂರು ಪುಟಗಳಿಗೆ ಬೆಳೆಯುತ್ತದೆ. ತೆರಿಗೆಯ ದರ, ಸಾಗಣೆಯ ನಿಯಮ, ಬಳಕೆಯ ವಿಧಾನ, ಸುರಕ್ಷತೆಯ ಸೂಚನೆ ಮೊದಲಾದವು ಒಂದು ಪುಟದಿಂದ ಮತ್ತೊಂದಕ್ಕೆ ನಕಲಾಗುತ್ತ ಹೋಗುತ್ತವೆ. ಅವುಗಳಲ್ಲಿ ಒಂದು ಬದಲಾದ ದಿನ ನೆನಪಿಗೆ ಬಂದ ಪುಟಗಳಷ್ಟೇ ತಿದ್ದುಪಡಿಯಾಗಿ, ಮಿಕ್ಕವು ಹಳೆಯದನ್ನೇ ಸಾರುತ್ತಿರುತ್ತವೆ. ಒಂದೇ ಅಂಗಡಿ ಎರಡು ಮಾತನಾಡಿದರೆ ಗ್ರಾಹಕನು ಯಾವುದನ್ನು ನಂಬಬೇಕು?

ಈ ಸಮಸ್ಯೆಗೆ ಪರಿಹಾರವಾಗಿ ಬಳಕೆಯಲ್ಲಿರುವುದು ಎಚ್.ಟಿ.ಎಂ.ಎಲ್. ಪುಟಗಳ ಮರುಬಳಕೆಯ ಬರಹ ಘಟಕ, ಅಂದರೆ ಒಂದೆಡೆ ಬರೆದಿಟ್ಟು ಹಲವು ಪುಟಗಳಲ್ಲಿ ತೋರಿಸುವ ತುಣುಕು. ಇದರ ಗುಣದೋಷಗಳನ್ನು ಅರಿಯಲು ಅಮೆರಿಕದ ಹೋಮ್‌ಬ್ರೂಯಿಂಗ್, ಎಂದರೆ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಕ್ಕೆ ಸಾಮಗ್ರಿ ಒದಗಿಸುವ ವ್ಯಾಪಾರವು ಉತ್ತಮ ನಿದರ್ಶನ. ಅಲ್ಲಿ ಕಾನೂನು, ರಸಾಯನ, ಅಳತೆ, ವರ್ಗೀಕರಣ ಎಲ್ಲವೂ ಒಂದೇ ಪುಟದಲ್ಲಿ ಕೂಡುತ್ತವೆ. ತಪ್ಪಿದರೆ ನಷ್ಟವಷ್ಟೇ ಅಲ್ಲ, ಗಾಯವೂ ಆಗಬಹುದು.

ವ್ಯಾಪಾರದ ಹಿನ್ನೆಲೆ

ಅಮೆರಿಕದಲ್ಲಿ 1920ರಿಂದ ಜಾರಿಯಲ್ಲಿದ್ದ ಪಾನನಿರೋಧ 1933ರಲ್ಲಿ ಕೊನೆಗೊಂಡಿತಾದರೂ ಮನೆಯಲ್ಲಿ ಬಿಯರ್ ತಯಾರಿಸಲು ಒಕ್ಕೂಟ ಸರ್ಕಾರದ ಸಮ್ಮತಿ ದೊರೆಯಲಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್‌ನಲ್ಲಿ ಅಂಕಿತ ಹಾಕಿದ ಶಾಸನವು 1979ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು. ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್, ತೆರಿಗೆಯಿಲ್ಲದೆ ತಯಾರಿಸಲು ಅವಕಾಶವಾಯಿತು. ಮಾರಾಟಕ್ಕೆ ಮಾತ್ರ ಅವಕಾಶವಿಲ್ಲ. 1978ರಲ್ಲೇ ಚಾರ್ಲಿ ಪಪಾಜಿಯನ್ ಮತ್ತು ಚಾರ್ಲಿ ಮ್ಯಾಟ್ಜೆನ್ ಕೊಲರಾಡೋ ರಾಜ್ಯದ ಬೌಲ್ಡರ್‌ನಲ್ಲಿ ಅಮೆರಿಕನ್ ಹೋಮ್‌ಬ್ರೂವರ್ಸ್ ಅಸೋಸಿಯೇಷನ್ ಸ್ಥಾಪಿಸಿದರು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಪ್ಸ್ ಹೂವು, ಯೀಸ್ಟ್, ಹುದುಗಿಸುವ ಪಾತ್ರೆ, ಬಾಟಲಿ, ಮುಚ್ಚಳಗಳನ್ನು ಮಾರುವ ಅಂಗಡಿಗಳು ಬೆಳೆದು, ಮುಂದೆ ಅಂತರಜಾಲಕ್ಕೂ ಬಂದವು.

ನಮ್ಮ ರಾಜ್ಯದಲ್ಲಿ 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ನಿಷಿದ್ಧ ಎಂಬುದನ್ನು ವಾಚಕರು ಬಲ್ಲರು. ಇಲ್ಲಿ ಪ್ರಸ್ತುತವಾದುದು ಆ ಹವ್ಯಾಸವಲ್ಲ, ಅದರ ವ್ಯಾಪಾರಿಗಳು ಮಾಹಿತಿಯನ್ನು ನಿರ್ವಹಿಸಬೇಕಾದ ಬಗೆ.

ನಕಲಿನಿಂದಾಗುವ ತೊಂದರೆ

ಮೊದಲನೆಯದು ಕಾನೂನು. ಒಕ್ಕೂಟದ ಶಾಸನ ಬಂದರೂ ಪ್ರತಿಯೊಂದು ರಾಜ್ಯವೂ ತನ್ನ ನಿಯಮವನ್ನು ತಾನೇ ಮಾಡಬೇಕಿತ್ತು. ಮಿಸಿಸಿಪ್ಪಿ ಮತ್ತು ಅಲಬಾಮಾ ರಾಜ್ಯಗಳು 2013ರಲ್ಲಿ ಸಮ್ಮತಿಸಿದ ಬಳಿಕವಷ್ಟೇ ಐವತ್ತೂ ರಾಜ್ಯಗಳಲ್ಲಿ ಈ ಹವ್ಯಾಸ ಕಾನೂನುಬದ್ಧವಾಯಿತು. "ಎರಡು ರಾಜ್ಯಗಳಲ್ಲಿ ಅನುಮತಿಯಿಲ್ಲ" ಎಂಬ ವಾಕ್ಯವನ್ನು ನೂರು ಪುಟಗಳಿಗೆ ನಕಲಿಸಿದ್ದ ಅಂಗಡಿಗೆ ಆ ವರ್ಷ ನೂರು ತಿದ್ದುಪಡಿಗಳ ಕೆಲಸ. ಒಂದು ಘಟಕದಲ್ಲಿ ಇಟ್ಟಿದ್ದ ಅಂಗಡಿಗೆ ಒಂದೇ ತಿದ್ದುಪಡಿ.

ಎರಡನೆಯದು ವರ್ಗೀಕರಣ. 1985ರಲ್ಲಿ ಆರಂಭವಾದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ ಎಂಬ ಸಂಸ್ಥೆ ಬಿಯರಿನ ಬಗೆಗಳಿಗೆ ಸಂಖ್ಯೆ ನೀಡಿ ಮಾರ್ಗಸೂಚಿ ಪ್ರಕಟಿಸುತ್ತದೆ. ಅಮೆರಿಕನ್ ಇಂಡಿಯಾ ಪೇಲ್ ಏಲ್ ಎಂಬ ಬಗೆ 2008ರ ಆವೃತ್ತಿಯಲ್ಲಿ 14-ಬಿ ಆಗಿತ್ತು. 2015ರ ಆವೃತ್ತಿಯಲ್ಲಿ 21-ಎ ಆಯಿತು. 2021ರಲ್ಲಿ ಮತ್ತೊಂದು ಪರಿಷ್ಕರಣೆ ಬಂದಿತು. ಸ್ಪರ್ಧೆಗೆ ಬಿಯರ್ ಕಳುಹಿಸುವ ಹವ್ಯಾಸಿಯು ಹಳೆಯ ಸಂಖ್ಯೆಯನ್ನು ನಂಬಿ ಅರ್ಜಿ ತುಂಬಿದರೆ ಅವನ ಬಾಟಲಿ ಬೇರೊಂದು ವಿಭಾಗಕ್ಕೆ ಸೇರಿಹೋಗುತ್ತದೆ.

ಮೂರನೆಯದು ಅಳತೆ. ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟನ್ನಿನದು 4.546 ಲೀಟರ್. "ಐದು ಗ್ಯಾಲನ್" ಎಂದರೆ ಒಂದು ಕಡೆ ಸುಮಾರು 19 ಲೀಟರ್, ಇನ್ನೊಂದು ಕಡೆ 22.7 ಲೀಟರ್. ಬಿಯರನ್ನು ಬಾಟಲಿಗೆ ತುಂಬುವಾಗ ನೊರೆ ಬರಲೆಂದು ಸ್ವಲ್ಪ ಸಕ್ಕರೆ ಸೇರಿಸುತ್ತಾರೆ. ಉಳಿದ ಯೀಸ್ಟ್ ಅದನ್ನು ಹುದುಗಿಸಿ ಇಂಗಾಲದ ಡೈಆಕ್ಸೈಡ್ ಅನಿಲ ಉಂಟುಮಾಡುತ್ತದೆ. ಬ್ರಿಟಿಷ್ ಅಳತೆಗೆ ಬರೆದ ಸಕ್ಕರೆಯನ್ನು ಅಮೆರಿಕದ ಅಳತೆಯ ಬಿಯರಿಗೆ ಹಾಕಿದರೆ ಶೇ. 20ರಷ್ಟು ಹೆಚ್ಚಾಗುತ್ತದೆ. ಹುದುಗುವಿಕೆ ಮುಗಿಯುವ ಮೊದಲೇ ಬಾಟಲಿಗೆ ತುಂಬಿದರಂತೂ ಒತ್ತಡ ಮಿತಿಮೀರಿ ಗಾಜು ಸಿಡಿಯುವ ಅಪಾಯವಿದೆ.

ಆದುದರಿಂದಲೇ "ಹೈಡ್ರೋಮೀಟರಿನ ಅಂಕ ಎರಡು ಮೂರು ದಿನಗಳ ಅಂತರದಲ್ಲಿ ಬದಲಾಗದೆ ನಿಂತ ಮೇಲೆಯೇ ಬಾಟಲಿಗೆ ತುಂಬಿರಿ" ಎಂಬ ಎಚ್ಚರಿಕೆ ಪ್ರತಿ ಪಾಕವಿಧಾನದ ಪುಟದಲ್ಲೂ ಇರಬೇಕು. ಡೇರಿಗಳಲ್ಲಿ ಹಾಲನ್ನು ಪರೀಕ್ಷಿಸುವ ಲ್ಯಾಕ್ಟೋಮೀಟರಿನ ಜಾತಿಯದೇ ಈ ಉಪಕರಣ. ಶುಚಿಗೊಳಿಸುವಾಗ ಬ್ಲೀಚ್ ದ್ರಾವಣವನ್ನು ಆಮ್ಲದೊಡನೆ ಬೆರೆಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ ಎಂಬ ಎಚ್ಚರಿಕೆಯೂ ಹಾಗೆಯೇ. ಇಂತಹ ಮಾತು ಹತ್ತು ಪುಟಗಳಲ್ಲಿ ಹತ್ತು ಬಗೆಯಾಗಿ ಇರುವುದು ತರವಲ್ಲ.

ಘಟಕ ಕೆಲಸ ಮಾಡುವ ಬಗೆ

ವಿಳಾಸದ ರಬ್ಬರ್ ಮುದ್ರೆಗೂ ಅಂಗಡಿಯ ಮುಂದೆ ತೂಗುಹಾಕಿದ ದರಫಲಕಕ್ಕೂ ಇರುವ ಅಂತರವನ್ನು ನೆನೆದರೆ ವಿಷಯ ಸುಲಭವಾಗಿ ತಿಳಿಯುತ್ತದೆ. ಮುದ್ರೆ ಒತ್ತಿದ ಸಾವಿರ ಕಾಗದಗಳಲ್ಲಿ ವಿಳಾಸ ಸಾವಿರ ಸಲ ಇದೆ. ವಿಳಾಸ ಬದಲಾದರೆ ಸಾವಿರವನ್ನೂ ತಿದ್ದಬೇಕು. ದರಫಲಕ ಒಂದೇ, ಅದನ್ನು ಒರೆಸಿ ಬರೆದರೆ ನೋಡುವ ಸಾವಿರ ಜನರಿಗೂ ಹೊಸ ದರವೇ ಕಾಣುತ್ತದೆ. ಸಾಮಾನ್ಯ ನಕಲು ಮುದ್ರೆಯಂತೆ, ಮರುಬಳಕೆಯ ಘಟಕ ಫಲಕದಂತೆ.

ಇನ್ನೊಂದು ಎಚ್.ಟಿ.ಎಂ.ಎಲ್. ತುಣುಕನ್ನು ನೇರವಾಗಿ ಪುಟದೊಳಕ್ಕೆ ತಂದು ಬೆರೆಸುವ ಸರಳ ಗುರುತು ಆ ಭಾಷೆಯಲ್ಲಿಯೇ ಇಲ್ಲ. ಆದುದರಿಂದ ಈ ಕೆಲಸ ಮೂರು ರೀತಿಯಲ್ಲಿ ನಡೆಯುತ್ತದೆ. ಒಂದು, ಸರ್ವರ್ ಗಣಕವು ಪುಟವನ್ನು ಕಳುಹಿಸುವ ಮುನ್ನ ಗುರುತಿಸಿದ ಜಾಗದಲ್ಲಿ ತುಣುಕನ್ನು ಸೇರಿಸುವುದು. 1990ರ ದಶಕದ ಸರ್ವರ್ ಸೈಡ್ ಇನ್‌ಕ್ಲೂಡ್ ಹಾಗೂ ಪಿ.ಎಚ್.ಪಿ. ವಿಧಾನಗಳು ಈ ಬಗೆಯವು. ಎರಡು, ಪ್ರಕಟಿಸುವ ಮೊದಲೇ ತಂತ್ರಾಂಶವೊಂದು ಎಲ್ಲ ಪುಟಗಳನ್ನೂ ಜೋಡಿಸಿ ಸಿದ್ಧಪಡಿಸುವುದು. ಮೂರು, ಓದುಗನ ಬ್ರೌಸರ್ ಪುಟವನ್ನು ತೆರೆದ ಮೇಲೆ ಜಾವಾಸ್ಕ್ರಿಪ್ಟ್ ಮೂಲಕ ತುಣುಕನ್ನು ತುಂಬುವುದು.

ತಂತ್ರಜ್ಞಾನದ ಪರಿಚಯವಿಲ್ಲದವರಿಗೂ ಈ ಸೌಲಭ್ಯ ಇಂದು ಎಟುಕುತ್ತದೆ. ವರ್ಡ್‌ಪ್ರೆಸ್ ತಂತ್ರಾಂಶವು 2018ರ ಡಿಸೆಂಬರ್‌ನಲ್ಲಿ ತನ್ನ 5.0 ಆವೃತ್ತಿಯೊಡನೆ ಘಟಕಗಳ ಸಂಪಾದಕವನ್ನು ಅಳವಡಿಸಿತು. ಅದರಲ್ಲಿನ ಮರುಬಳಕೆಯ ಘಟಕಗಳಿಗೆ 2023ರ 6.3 ಆವೃತ್ತಿಯಿಂದ ಸಿಂಕ್ಡ್ ಪ್ಯಾಟರ್ನ್ ಎಂಬ ಹೆಸರಾಗಿದೆ.

ಎಚ್ಚರಿಕೆಯ ಮಾತುಗಳಿಗೆ ಮೊದಲೆರಡು ವಿಧಾನಗಳೇ ಲೇಸು. ಜಾವಾಸ್ಕ್ರಿಪ್ಟ್ ಕೆಲಸ ಮಾಡದಿದ್ದರೆ ಮೂರನೆಯ ವಿಧಾನದಲ್ಲಿ ತುಣುಕಿನ ಜಾಗ ಬರಿದಾಗಿ ಉಳಿಯಬಹುದು. ಬಾಟಲಿ ಸಿಡಿಯುವ ಕುರಿತ ಸೂಚನೆ ಕಾಣದೆ ಹೋಗುವಂತಿಲ್ಲ.

ಕೆಲವು ಘಟಕಗಳು ಖಾಲಿ ಜಾಗ ಬಿಟ್ಟ ಮುದ್ರಿತ ನಮೂನೆಯಂತೆ ಇರುತ್ತವೆ. ಮದ್ಯಸಾರದ ಪ್ರಮಾಣವನ್ನು ಅಂದಾಜು ಮಾಡಲು ಆರಂಭದ ಮತ್ತು ಅಂತ್ಯದ ಸಾಂದ್ರತಾಂಕಗಳ ವ್ಯತ್ಯಾಸವನ್ನು 131.25ರಿಂದ ಗುಣಿಸುವುದು ವಾಡಿಕೆ. ಆರಂಭ 1.050, ಅಂತ್ಯ 1.010 ಆದರೆ ಉತ್ತರ ಶೇ. 5.25. ಸೂತ್ರ ಒಂದೇ ಘಟಕದಲ್ಲಿದ್ದು, ಪ್ರತಿ ಪುಟವೂ ತನ್ನ ಅಂಕಗಳನ್ನಷ್ಟೇ ಒದಗಿಸಿದರೆ ಎಲ್ಲ ಪುಟಗಳ ಲೆಕ್ಕವೂ ಒಂದೇ ರೀತಿಯದಾಗುತ್ತದೆ.

ಎಲ್ಲವನ್ನೂ ಘಟಕ ಮಾಡಬಾರದು

ಇಷ್ಟು ಹೇಳಿದ ಮೇಲೆ, ತಾಣದಲ್ಲಿ ಪುನರುಕ್ತಿಯಾಗುವ ಎಲ್ಲವನ್ನೂ ಘಟಕವಾಗಿಸಿದರೆ ತೀರಿತಲ್ಲ ಎಂದು ತೋರಬಹುದು. ಅನೇಕ ತಾಣಗಳು ಎಡವುವುದು ಇಲ್ಲಿಯೇ.

ಹವ್ಯಾಸಿಯೊಬ್ಬನು 2010ರಲ್ಲಿ ತಯಾರಿಸಿ 14-ಬಿ ವಿಭಾಗದಲ್ಲಿ ಬಹುಮಾನ ಪಡೆದ ಬಿಯರಿನ ದಾಖಲೆ ಅಂಗಡಿಯ ತಾಣದಲ್ಲಿ ಇದೆಯೆಂದು ಭಾವಿಸೋಣ. ವಿಭಾಗದ ಸಂಖ್ಯೆ ಘಟಕದಿಂದ ಬರುತ್ತಿದ್ದರೆ 2015ರ ಪರಿಷ್ಕರಣೆಯೊಡನೆ ಆ ದಾಖಲೆಯೂ 21-ಎ ಎಂದು ಬದಲಾಗುತ್ತದೆ. ಅಂದು ಆ ಸಂಖ್ಯೆ ಬೇರೊಂದು ಬಗೆಯ ಬಿಯರಿನದಾಗಿತ್ತು, ದಾಖಲೆ ಸುಳ್ಳಾಯಿತು. ಇಂದಿನ ನಿಯಮವನ್ನು ಹೇಳುವ ಮಾತು ಒಟ್ಟಿಗೆ ಬದಲಾಗಬೇಕು. ಅಂದು ನಡೆದುದನ್ನು ಹೇಳುವ ಮಾತು ಹಾಗೆಯೇ ನಿಲ್ಲಬೇಕು. ಮೊದಲನೆಯದಕ್ಕೆ ಘಟಕ ಯೋಗ್ಯ, ಎರಡನೆಯದಕ್ಕೆ ನಕಲೇ ಯೋಗ್ಯ.

ನಮ್ಮ ವರ್ತಕರಿಗೆ ಇದು ಹೊಸ ತತ್ತ್ವವಲ್ಲ. ಸರಕು ಮತ್ತು ಸೇವಾ ತೆರಿಗೆಯ ದರಗಳು 2025ರ ಸೆಪ್ಟೆಂಬರ್ 22ರಿಂದ ಪರಿಷ್ಕೃತವಾಗಿ, ಸ್ನಾನದ ಸಾಬೂನು, ತಲೆಗೂದಲ ಎಣ್ಣೆ ಮುಂತಾದವುಗಳ ತೆರಿಗೆ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಅಂದು ಬೆಳಿಗ್ಗೆ ತಾಣದ ದರಪಟ್ಟಿಯ ಪ್ರತಿ ಸಾಲೂ ಬದಲಾಗಬೇಕಿತ್ತು. ಹಿಂದಿನ ದಿನ ಬರೆದ ಬಿಲ್ಲಿನ ಒಂದು ಅಂಕಿಯೂ ಬದಲಾಗಬಾರದಿತ್ತು. ದರಪಟ್ಟಿ ಫಲಕವಾದರೆ, ಬಿಲ್ಲು ಕಿರ್ದಿ ಪುಸ್ತಕದ ನಮೂದು. ಬರೆದ ಕಿರ್ದಿಯನ್ನು ಒರೆಸುವ ವರ್ತಕನಿಲ್ಲ.

ಎರಡನೆಯ ಅಪಾಯ, ತಪ್ಪಿನ ವ್ಯಾಪ್ತಿ. ನಕಲಿನಲ್ಲಿ ಒಂದು ತಪ್ಪು ಒಂದು ಪುಟವನ್ನು ಕೆಡಿಸುತ್ತದೆ. ಘಟಕದಲ್ಲಿ ಅದೇ ತಪ್ಪು ಎಲ್ಲ ಪುಟಗಳನ್ನೂ ಒಂದೇ ಕ್ಷಣದಲ್ಲಿ ಕೆಡಿಸುತ್ತದೆ. ಸಕ್ಕರೆಯ ಪ್ರಮಾಣದಲ್ಲಿ ಒಂದು ದಶಮಾಂಶ ಬಿಂದು ಸರಿದರೆ ಪರಿಣಾಮವೇನೆಂದು ವಿವರಿಸಬೇಕಿಲ್ಲ. ಘಟಕವು ಶ್ರಮವನ್ನು ಉಳಿಸುತ್ತದೆ, ಹೊಣೆಯನ್ನು ಹೆಚ್ಚಿಸುತ್ತದೆ.

ಪಾಲಿಸಬೇಕಾದ ಕ್ರಮಗಳು

ಜಾಲತಾಣ ಹೊಂದಿರುವ, ಹೊಂದಬಯಸುವ ಸದಸ್ಯರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಉಚಿತ.

1. ಮೊದಲು ಪಟ್ಟಿ ಮಾಡಿರಿ. ಯಾವ ಮಾತು ಎಷ್ಟು ಪುಟಗಳಲ್ಲಿದೆ, ಬದಲಾದರೆ ಎಲ್ಲೆಡೆ ಒಟ್ಟಿಗೆ ಬದಲಾಗಬೇಕೇ ಎಂಬುದನ್ನು ತಾಣದ ಗುತ್ತಿಗೆದಾರನಲ್ಲ, ವ್ಯವಹಾರ ಬಲ್ಲವರೇ ನಿರ್ಧರಿಸಬೇಕು.

2. ಪ್ರತಿಯೊಂದು ಘಟಕಕ್ಕೂ ಅರ್ಥವಾಗುವ ಹೆಸರು, ಒಬ್ಬ ಹೊಣೆಗಾರ ಮತ್ತು ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ ಇರಲಿ.

3. ಒಂದು ಘಟಕದಲ್ಲಿ ಒಂದೇ ವಿಷಯವಿರಲಿ. ಬ್ಲೀಚ್ ಕುರಿತ ಎಚ್ಚರಿಕೆಯೂ ಸಾಗಣೆಯ ದರವೂ ಒಂದೇ ತುಣುಕಿನಲ್ಲಿದ್ದರೆ ಎರಡನ್ನೂ ಬೇರೆ ಬೇರೆ ಕಡೆ ಬಳಸಲಾಗದು.

4. "ಮೇಲೆ ಹೇಳಿದಂತೆ", "ಹಿಂದಿನ ಪುಟದಲ್ಲಿ" ಎಂಬಂತಹ ಮಾತುಗಳು ಘಟಕದೊಳಗೆ ಬೇಡ. ಅದು ಯಾವ ಪುಟದಲ್ಲಿ ಕುಳಿತರೂ ಸ್ವತಂತ್ರವಾಗಿ ಅರ್ಥವಾಗಬೇಕು.

5. ಎಚ್.ಟಿ.ಎಂ.ಎಲ್. ನಿಯಮದಂತೆ ಒಂದು ಪುಟದಲ್ಲಿ ಒಂದು ಐ.ಡಿ. ಒಮ್ಮೆ ಮಾತ್ರ ಬರಬೇಕು. ಒಂದೇ ಘಟಕ ಒಂದೇ ಪುಟದಲ್ಲಿ ಎರಡು ಸಲ ಬಂದರೆ ಈ ನಿಯಮ ಮುರಿಯದಂತೆ ತಾಣ ರೂಪಿಸುವವರಿಂದ ಖಾತರಿ ಪಡೆಯಿರಿ.

6. ತಿದ್ದುವ ಮುನ್ನ ಘಟಕ ಎಲ್ಲೆಲ್ಲಿ ಬಳಕೆಯಾಗಿದೆಯೆಂದು ನೋಡಿ, ಪರೀಕ್ಷಾ ಪ್ರತಿಯಲ್ಲಿ ತಿದ್ದಿ, ಇನ್ನೊಬ್ಬರಿಂದ ಓದಿಸಿ, ಬಳಿಕ ಪ್ರಕಟಿಸಿರಿ. ಹಳೆಯ ಪಾಠದ ಪ್ರತಿಯನ್ನು ದಿನಾಂಕದೊಡನೆ ಕಾಯ್ದಿಡಿರಿ.

ಅಮೆರಿಕದ ಅಡುಗೆಮನೆಯಲ್ಲಿ ಬಾಟಲಿ ಹಿಡಿದು ನಿಂತ ಹವ್ಯಾಸಿಗೂ, ನಮ್ಮೂರಿನ ಅಂಗಡಿಯ ತಾಣದಲ್ಲಿ ಸಾಬೂನಿನ ದರ ನೋಡುತ್ತಿರುವ ಗೃಹಿಣಿಗೂ ಘಟಕವೆಂದರೇನೆಂದು ತಿಳಿಯಬೇಕಾದ ಅಗತ್ಯವಿಲ್ಲ. ಯಾವ ಪುಟ ತೆರೆದರೂ ಅಂಗಡಿಯ ಮಾತು ಒಂದೇ ಆಗಿರಬೇಕು, ಅದು ನಿಜವೂ ಆಗಿರಬೇಕು ಎಂಬುದಷ್ಟೇ ಅವರ ನಿರೀಕ್ಷೆ. ಯಾವುದನ್ನು ಫಲಕದಲ್ಲಿ ಬರೆಯಬೇಕು, ಯಾವುದನ್ನು ಕಿರ್ದಿಯಲ್ಲಿ ಬರೆಯಬೇಕು ಎಂದು ತಾಣದ ಯಜಮಾನನು ಮೊದಲೇ ತೀರ್ಮಾನಿಸಿಕೊಂಡರೆ ಈ ನಿರೀಕ್ಷೆಯನ್ನು ಪೂರೈಸುವುದು ಕಷ್ಟವೇನಲ್ಲ.