ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಹಾರ್ಮೋನು ತಡೆಯುವ ಔಷಧಗಳು

ಅರವತ್ತು ದಾಟಿದ ಹಿರಿಯರು ರಾತ್ರಿ ಮೂರು ನಾಲ್ಕು ಬಾರಿ ಮೂತ್ರಕ್ಕೆ ಎದ್ದರೆ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾಗುವುದು ವಾಡಿಕೆ. ಚೆನ್ನೈ ನಗರದ ದಕ್ಷಿಣದಲ್ಲಿರುವ ಶೋಳಿಂಗನಲ್ಲೂರಿನಲ್ಲಿ ಕಂಪ್ಯೂಟರ್ ಕಂಪನಿಗಳ ಉದ್ಯೋಗಕ್ಕೆಂದು ಬಂದು ನೆಲೆಸಿದ ಕನ್ನಡಿಗರ ಮನೆಗಳಿಗೆ ಊರಿನಿಂದ ಬರುವ ತಂದೆಯವರ ಸಂಕೋಚ ಇನ್ನೂ ಹೆಚ್ಚು. ವೈದ್ಯರ ಭಾಷೆ ಬಾರದು. ಇಂಥ ತೊಂದರೆಯನ್ನು ಮಗ ಸೊಸೆಯರ ಎದುರು ಹೇಳಲು ನಾಚಿಕೆ. ಮೂತ್ರದ ತೊಂದರೆಗೆ ಬಹುಮಟ್ಟಿಗೆ ಕಾರಣ ಪ್ರಾಸ್ಟೇಟ್ ಗ್ರಂಥಿಯ ನಿರುಪದ್ರವಿ ಊತವೇ. ಆದರೆ ಕೆಲವರಲ್ಲಿ ಅದೇ ಗ್ರಂಥಿಯಲ್ಲಿ ಕ್ಯಾನ್ಸರ್ ಅಡಗಿರುತ್ತದೆ. ಆದುದರಿಂದ ಪರೀಕ್ಷೆ ಅವಶ್ಯ.

ರೋಗಕ್ಕೆ ಆಹಾರ ಯಾವುದು?

ಪ್ರಾಸ್ಟೇಟ್ ಗ್ರಂಥಿ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿದೆ. ಇದರ ಬೆಳವಣಿಗೆಗೆ ಪುರುಷ ಹಾರ್ಮೋನುಗಳು, ಅದರಲ್ಲಿಯೂ ಟೆಸ್ಟೋಸ್ಟೆರೋನ್, ಅಗತ್ಯ. ಇದರ ಬಹುಪಾಲು ವೃಷಣಗಳಲ್ಲಿ ತಯಾರಾಗುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದಲೂ ಅಲ್ಪಾಂಶ ಒದಗುತ್ತದೆ. ಕ್ಯಾನ್ಸರ್ ಕಣಗಳಿಗೂ ಇದೇ ಪೋಷಣೆ. 1941ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಡಾ. ಚಾರ್ಲ್ಸ್ ಹಗ್ಗಿನ್ಸ್ ಅವರು, ವೃಷಣಗಳನ್ನು ತೆಗೆದರೆ ಹರಡಿದ ರೋಗವೂ ಹಿಂಜರಿಯುವುದೆಂದು ತೋರಿಸಿದರು. ಈ ಶೋಧಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಔಷಧಗಳ ಬಗೆಗಳು

ವೃಷಣಗಳ ಶಸ್ತ್ರಕ್ರಿಯೆ ಇಂದಿಗೂ ಬಳಕೆಯಲ್ಲಿದೆ. ಒಮ್ಮೆಗೇ ಮುಗಿಯುವುದರಿಂದ ಖರ್ಚು ಕಡಿಮೆ. ಅದನ್ನು ಒಪ್ಪದವರಿಗೆ ಲ್ಯೂಪ್ರೊಲೈಡ್, ಗೊಸರಿಲಿನ್ ಮುಂತಾದ ಚುಚ್ಚುಮದ್ದುಗಳಿವೆ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಇವು, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ವೃಷಣಗಳಿಗೆ ಬರುವ ಆಜ್ಞೆಯನ್ನು ನಿಲ್ಲಿಸುತ್ತವೆ. ಆದರೆ ಮೊದಲ ವಾರಗಳಲ್ಲಿ ಹಾರ್ಮೋನು ತಾತ್ಕಾಲಿಕವಾಗಿ ಏರುವುದುಂಟು. ರೋಗ ಬೆನ್ನೆಲುಬಿಗೆ ಹರಡಿದ್ದರೆ ಈ ಏರಿಕೆ ಅಪಾಯಕಾರಿ.

ಇಲ್ಲಿ ಆಂಡ್ರೊಜೆನ್ ವಿರೋಧಿ ಮಾತ್ರೆಗಳು ನೆರವಾಗುತ್ತವೆ. ಬೀಗಕ್ಕೆ ಬೇರೊಂದು ಕೀಲಿಯನ್ನು ತುರುಕಿಟ್ಟರೆ ಅಸಲು ಕೀಲಿ ಒಳಹೋಗದು. ಅಂತೆಯೇ ಬೈಕಲ್ಯುಟಮೈಡ್ ಮಾತ್ರೆ ಕ್ಯಾನ್ಸರ್ ಕಣದಲ್ಲಿ ಹಾರ್ಮೋನು ಕೂರುವ ಸ್ಥಾನವನ್ನು ಆಕ್ರಮಿಸುತ್ತದೆ. 2012ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಎನ್ಜಲ್ಯುಟಮೈಡ್ ಇದೇ ಕೆಲಸವನ್ನು ಹೆಚ್ಚು ಬಲವಾಗಿ ಮಾಡುತ್ತದೆ. ಅಬಿರಾಟೆರೋನ್ ಎಂಬುದು ಹಾರ್ಮೋನಿನ ತಯಾರಿಕೆಯನ್ನೇ ತಡೆಯುತ್ತದೆ. ಇದನ್ನು ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ, ಜೊತೆಗೆ ಒಂದು ಸ್ಟೀರಾಯ್ಡ್ ಮಾತ್ರೆಯೊಡನೆ ಕೊಡುತ್ತಾರೆ. ರಕ್ತದೊತ್ತಡ ಮತ್ತು ಪೊಟ್ಯಾಶಿಯಂ ಮೇಲೆ ಕಣ್ಣಿಟ್ಟಿರಬೇಕು.

ಅಡ್ಡಪರಿಣಾಮಗಳು

ಮೈಯೆಲ್ಲ ಬಿಸಿಯಾಗಿ ಬೆವರುವುದು, ಆಯಾಸ, ಕಾಮಾಸಕ್ತಿ ಕುಂದುವುದು, ಸ್ತನಗಳ ನೋವು ಹಾಗೂ ಊತ, ಮನಸ್ಸಿನ ಖಿನ್ನತೆ ಇವು ಕಾಣಿಸಿಕೊಳ್ಳಬಹುದು. ದೀರ್ಘಕಾಲದಲ್ಲಿ ಮೂಳೆ ಸವೆಯುತ್ತದೆ, ಸ್ನಾಯು ಕರಗಿ ಕೊಬ್ಬು ಸೇರುತ್ತದೆ, ಸಕ್ಕರೆ ಕಾಯಿಲೆಯ ಸಂಭವ ಹೆಚ್ಚುತ್ತದೆ. ದಿನವೂ ನಡೆದಾಡುವುದು, ಸ್ನಾಯುಗಳಿಗೆ ಹಿತಮಿತವಾದ ವ್ಯಾಯಾಮ, ಧೂಮಪಾನದ ತ್ಯಾಗ ಹಿತಕರ. ರಾಗಿ, ಹಾಲುಗಳಿಂದ ಸುಣ್ಣದ ಅಂಶವೂ ದೊರೆಯುತ್ತದೆ. ಬೈಕಲ್ಯುಟಮೈಡ್ ಸೇವಿಸುವವರು ಆಗಾಗ ಯಕೃತ್ತಿನ ಪರೀಕ್ಷೆ ಮಾಡಿಸಬೇಕು. ಕಣ್ಣು ಹಳದಿಯಾದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಮನೆಯವರ ಹೊಣೆ

ಚಿಕಿತ್ಸೆ ಆರಂಭವಾದ ಮೇಲೆ ರಕ್ತದಲ್ಲಿ ಪಿ.ಎಸ್.ಎ. ಎಂಬ ಅಂಶ ಸಾಮಾನ್ಯವಾಗಿ ಇಳಿಯುತ್ತದೆ. ರೋಗ ಹೋಯಿತೆಂದು ಭಾವಿಸಿ ಮಾತ್ರೆ ಬಿಡುವುದು ದೊಡ್ಡ ತಪ್ಪು. ಹರಡಿದ ರೋಗವನ್ನು ಈ ಔಷಧಗಳು ಬೇರುಸಹಿತ ಕೀಳುವುದಿಲ್ಲ, ಅನೇಕರಲ್ಲಿ ವರ್ಷಗಳವರೆಗೆ ಹತೋಟಿಯಲ್ಲಿಡುತ್ತವೆ. ಕಾಲಕ್ರಮದಲ್ಲಿ ಕಣಗಳು ಔಷಧಕ್ಕೆ ಜಗ್ಗದಂತಾದರೆ ಬೇರೆ ಚಿಕಿತ್ಸೆಗಳಿವೆ. ಹಬ್ಬಕ್ಕೋ ಮದುವೆಗೋ ಹಿರಿಯರು ಊರಿಗೆ ಹೊರಟಾಗ ಚುಚ್ಚುಮದ್ದಿನ ದಿನಾಂಕ ತಪ್ಪದಂತೆ ಮುಂಚಿತವಾಗಿ ಏರ್ಪಾಡು ಮಾಡಬೇಕು. ವರದಿಗಳ ಕಡತ ಅವರ ಕೈಚೀಲದಲ್ಲಿಯೇ ಇರಲಿ. ಚೆನ್ನೈಯಲ್ಲಿ 1954ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಪರಿಶ್ರಮದಿಂದ ತಲೆಯೆತ್ತಿದ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ, ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಇಂಥ ಚಿಕಿತ್ಸೆಗೆ ಹೆಸರಾದವು.

ಇದ್ದಕ್ಕಿದ್ದಂತೆ ಬೆನ್ನುನೋವು ಉಲ್ಬಣಿಸಿ ಕಾಲುಗಳ ಬಲ ಕುಂದಿದರೆ ಅಥವಾ ಮೂತ್ರ ಕಟ್ಟಿದರೆ ಬೆಳಗಾಗುವುದನ್ನು ಕಾಯಬಾರದು. ಬೆನ್ನುಹುರಿ ಒತ್ತಡಕ್ಕೆ ಸಿಕ್ಕಿರಬಹುದು, ಗಂಟೆಗಳೇ ಅಮೂಲ್ಯ. ಎಲ್ಲಕ್ಕಿಂತ ಮೊದಲು, ತಂದೆಯವರು ನಾಚಿಕೆ ಬಿಟ್ಟು ಹೇಳುವಂತೆ ಮಕ್ಕಳೇ ಮಾತು ತೆಗೆಯುವುದು ಲೇಸು. ಜೊತೆಯಲ್ಲಿ ಕುಳಿತು ವೈದ್ಯರ ಮಾತನ್ನು ಕನ್ನಡದಲ್ಲಿ ತಿಳಿಯಹೇಳುವ ಮಗನೋ ಮಗಳೋ ಇದ್ದರೆ ಅರ್ಧ ಭಯ ಅಲ್ಲಿಯೇ ಕಳೆಯುತ್ತದೆ.