ಮನೆತನದ ನಾಣ್ಯಗಳ ಬೆಲೆ

ಬೈರಿದೇವರಕೊಪ್ಪದಂಥ ಊರಿನ ಹಳೆಯ ಮನೆಯಲ್ಲಿ ಹಿರಿಯರು ಕೂಡಿಟ್ಟ ನಾಣ್ಯಗಳ ಗಂಟು ದೊರೆತರೆ, ಹುಣಿಸೆಹಣ್ಣಿನಿಂದ ತಿಕ್ಕಿ ಅಕ್ಕಸಾಲಿಗನ ತಕ್ಕಡಿಗೆ ಹಾಕಲು ಆತುರಪಡಬಾರದು. ತಿಕ್ಕಿದರೆ ಅಚ್ಚಿನ ಸೂಕ್ಷ್ಮರೇಖೆಗಳು ಸವೆದು ಬೆಲೆ ಕುಂದುವುದು. ತಕ್ಕಡಿಯಾದರೋ ಲೋಹವನ್ನು ಮಾತ್ರ ತೂಗಬಲ್ಲುದು. 1911ನೆಯ ಇಸವಿಯ ಐದನೆಯ ಜಾರ್ಜ್ ದೊರೆಯ ರೂಪಾಯಿಯನ್ನು ನೋಡಿರಿ. ಉಡುಪಿನ ಮೇಲಣ ಆನೆಯು ಹಂದಿಯಂತೆ ಕಾಣುವುದೆಂದು ಜನರು ಆಕ್ಷೇಪಿಸಲು, ಅವುಗಳಲ್ಲಿ ಬಹುಪಾಲನ್ನು ಕರಗಿಸಿ, 1912ರಲ್ಲಿ ಅಚ್ಚನ್ನು ತಿದ್ದಿದರು. ಎರಡರ ತೂಕವೂ 11.66 ಗ್ರಾಮೇ, ಆದರೂ ಕರಗದೆ ಉಳಿದ ಮೊದಲನೆಯದಕ್ಕೇ ಸಂಗ್ರಾಹಕರಲ್ಲಿ ಬೆಲೆ ಹೆಚ್ಚು.

ಆದುದರಿಂದ ನಾಣ್ಯಗಳನ್ನು ತೊಳೆಯದೆ, ಅಂಚಿನಲ್ಲಿ ಹಿಡಿದು, ಪ್ರತಿಯೊಂದರ ಇಸವಿಯನ್ನೂ ತೂಕವನ್ನೂ ಅದು ಯಾರಿಂದ ಬಂದಿತೆಂಬುದನ್ನೂ ಬರೆದಿಡಿರಿ. ಸಮೀಪದ ಧಾರವಾಡದಲ್ಲಿ 1939ರಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯಿದೆ. ಅಂಥಲ್ಲಿ ಬಲ್ಲವರನ್ನು ಮೊದಲು ವಿಚಾರಿಸಿ, ಅನಂತರ ಇಬ್ಬರು ವರ್ತಕರಲ್ಲಿ ಬೆಲೆ ಕೇಳಿರಿ. ಮಾರುವ ನಿರ್ಧಾರವು ಕಡೆಯದಾಗಿರಲಿ. ಕರಗಿದ ನಾಣ್ಯವು ಮರಳಿ ದೊರೆಯದು.